ಆರು ಬೇವಿನ ನೆರಳು

ಬೀದಿಯ ಆರು ಬೇವಿನ ಮರಗಳಿಗೆ ನಾನು ಕೊಟ್ಟದ್ದು ನಾನೂರು ರೂಪಾಯಿ. ಮಾರಿದವರು ಹೇಳಿದ್ದು ಆರುನೂರು. ಅವಿನಾಶಿ ಹತ್ತಿರದ ನಮ್ಮ ನೇಕಾರರ ಬೀದಿಯ ಹಿರಿಯರಿಗೆ ಬಾವಿಕಟ್ಟೆ ಕಟ್ಟಿಸಲು ಹಣ ಬೇಕಿತ್ತು, ನನಗೆ ಹೊಸ ಪವರ್‌ಲೂಮ್ ಶೆಡ್ಡಿಗೆ ತೊಲೆ ಬೇಕಿತ್ತು. ಎರಡು ಕಾಫಿಯಲ್ಲಿ ವ್ಯಾಪಾರ ಮುಗಿಯಿತು. ಎಂಬತ್ತರ ದಶಕದ ಮೊದಲಲ್ಲೂ ಆ ಬೆಲೆಗೆ ಅಂಥ ಮರ ಸಿಗುತ್ತಿರಲಿಲ್ಲ, ಅದನ್ನು ಈಗಲೂ ಹೇಳುತ್ತೇನೆ.

ಕಡಿಸಿದ್ದು ಪೊಂಗಲ್ ಮುಗಿದ ವಾರ. ಬೀದಿಯುದ್ದಕ್ಕೂ ಹಾಸಿನ ನೂಲು, ಅಂದರೆ ಬಟ್ಟೆಯ ಉದ್ದೆಳೆ, ಎಳೆದು ಕಟ್ಟಿ, ಗಂಜಿ ಬಳಿದು, ಕುಂಚದಿಂದ ಬಾಚುವುದು ನಮ್ಮವರ ಪದ್ಧತಿ. ಇಬ್ಬನಿಯ ಕಾಲ, ಯಾರ ನೂಲಿಗೂ ಏನೂ ಆಗಲಿಲ್ಲ. ಬೀದಿ ಎಷ್ಟು ಬೆಳಕಾಯಿತು ನೋಡಿ ಎಂದು ಹೇಳಿಕೊಂಡು ತಿರುಗಿದೆ. ನನ್ನ ಪವರ್‌ಲೂಮ್‌ಗಳಿಗೆ ಗಿರಣಿಯಿಂದ ಗಂಜಿ ಹಾಕಿದ ನೂಲೇ ಬರುತ್ತಿತ್ತು; ನಾನು ಕುಂಚ ಮುಟ್ಟಿ ನಾಲ್ಕು ವರ್ಷವಾಗಿತ್ತು.

ಮಾರ್ಚ್ ನಡುವೆ ಪಂಗುನಿ ತಿಂಗಳ ಬಿಸಿಲು ಬಂತು. ಬೇಸಿಗೆಯ ಮಳೆ ಆ ವರ್ಷ ನಮ್ಮನ್ನು ಮರೆತೇಬಿಟ್ಟಿತ್ತು. ಎದುರುಮನೆಯ ಸೋದರತ್ತೆ ಹಾಸು ಎಳೆದ ದಿನ, ಕುಂಚ ಆ ತುದಿ ಮುಟ್ಟುವ ಮೊದಲೇ ಗಂಜಿ ಒಣಗಿ ಎಳೆಗಳು ಪಟಪಟನೆ ಕಡಿದುಹೋದವು.

"ಏನ್ ಕಣ್ಣು ಮಗನೇ, ಮರಕ್ಕೆ ಬೇರಂ ಪೇಸಿ ರೇಟು ಇಳಿಸಿದೆ. ನೆರಳನ್ನ ಯಾರ್‌ ಹತ್ರ ಕೇಳಿ ತಗೊಂಡೆ?"

"ಹೊಸ ಸಸಿ ನೆಡ್ತೀನಿ ಅತ್ತೆ."

"ಅದು ದೊಡ್ಡದಾಗೋವರ್ಗೂ ನಾನಿರ್ಬೇಕಲ್ಲ! ಇನ್ನೊಂದು ಹಾಸು ಹಿಂಗೇ ಕಡೀಲಿ, ಮಗ್ಗ ಮಾರಿ ತಿರುಪ್ಪೂರಿನ ಕಂಪನೀಲಿ ಬನಿಯನ್ ಮಡಿಸಕ್ಕೆ ಹೋಗ್ತೀನಿ."

ಆ ಮಗ್ಗದ ಮೇಲೆಯೇ ನಾನು ನೇಯ್ಗೆ ಕಲಿತವನು. ಬೇರೆ ಯಾರೇ ಆಗಿದ್ದರೂ ಚೌಕಾಸಿ ಮಾಡುತ್ತಿದ್ದೆ. ಸೀಳಿಸಿಟ್ಟಿದ್ದ ಬೇವಿನ ತೊಲೆಗಳನ್ನೇ ಬೀದಿಯಲ್ಲಿ ಕಂಬವಾಗಿ ನೆಟ್ಟು, ಹೆಣೆದ ತೆಂಗಿನ ಗರಿ ಹೊದಿಸಿ ಚಪ್ಪರ ಹಾಕಿಸಿದೆ. ಪಕ್ಕದಲ್ಲಿ ಹೊಂಗೆ ಸಸಿಗಳು.

ಅತ್ತೆ ಕುಂಚ ಹಿಡಿದು ಬಂದು ತಲೆಯೆತ್ತಿ ನೋಡಿದರು. "ಮರ ಅದೇ. ಎಲೆ ಮಾತ್ರ ಬಾಡಿಗೆದು."

ಆಮೇಲೆ ಹಾಸು ಕಡಿದುಹೋಗಲಿಲ್ಲ, ಅತ್ತೆಯ ಮಗ್ಗ ಉಳಿಯಿತು. ಹೊಂಗೆ ನೆರಳು ಕೊಡುವವರೆಗೆ ಐದು ಬೇಸಿಗೆ ಹೊಸ ಗರಿ ಹೊದಿಸಿದೆ. ನನ್ನ ಶೆಡ್ಡು ಎದ್ದದ್ದು ಕಬ್ಬಿಣದ ಕಂಬಗಳ ಮೇಲೆ.

ನೀವೂ ಮರ ಕೊಳ್ಳುವುದಾದರೆ ಚಳಿಗಾಲದಲ್ಲಿ ಬೆಲೆ ಕಟ್ಟಬೇಡಿ. ಬೇಸಿಗೆಯಲ್ಲಿ ಬೆಳಗ್ಗೆ ಎಂಟಕ್ಕೆ ಹೋಗಿ, ಅದರ ಕೆಳಗೆ ಯಾರು ಕೆಲಸ ಮಾಡುತ್ತಿದ್ದಾರೆ ನೋಡಿ. ಕಡಿಯಲೇಬೇಕೆಂದರೆ ಮೊದಲು ಹೊಂಗೆ ನೆಡಿ, ಮಳೆಗೆ ಮುಂಚೆ ಗುಂಡಿ ತೆಗೆದು. ಸುತ್ತ ಮುಳ್ಳು ಕಟ್ಟಿ. ಮೇಕೆಯ ಜೊತೆ ಯಾವ ಚೌಕಾಸಿಯೂ ನಡೆಯುವುದಿಲ್ಲ.