ಹಿಮ್ಮೇಳವೆಂದುಕೊಂಡ ದನಿ

ಹಾಡು ಕಲಿಸುತ್ತಿದ್ದ ಮೇಡಮ್ ನಿನ್ನನ್ನು ಬೇಡವೆನ್ನಲಿಲ್ಲ, ಗೌರಿ. ಚರ್ಚಿನ ಕ್ರಿಸ್‌ಮಸ್ ಹಾಡಿನ ಗುಂಪಿನಿಂದ ನಿನ್ನನ್ನು ಬಿಡಿಸಿ, ಅವರೇ ತೆಗೆದರೆಂದು ಸುಳ್ಳು ಹೇಳಿದವನು ನಾನು — ನಿನ್ನ ಅಪ್ಪ.

ನೀನಾಗ ಹನ್ನೆರಡು ತುಂಬದ ಹುಡುಗಿ. ಈ ಪರದೇಶದಲ್ಲಿ, ನಮ್ಮ ಫೆಲ್ಥಮ್ಮಿನ ಮನೆಯ ಹತ್ತಿರದ ಚರ್ಚು. ಅವು ನಾಲ್ಕು ಶತಮಾನದ ಹಿಂದಿನ ಹಾಡುಗಳಂತೆ, ಲ್ಯಾಟಿನ್ನು, ಜರ್ಮನ್ನು — ಒಂದಕ್ಷರ ನನಗೆ ತಿಳಿಯುತ್ತಿರಲಿಲ್ಲ. ಆದರೂ ನೀನು ಪಾತ್ರೆ ಒರೆಸುತ್ತ ಹಾಡಿಕೊಳ್ಳುವಾಗ ನಾನು ಟೀವಿಯ ದನಿ ತಗ್ಗಿಸುತ್ತಿದ್ದೆ. ಅದನ್ನು ನಿನಗೆ ಎಂದೂ ಹೇಳಲಿಲ್ಲ — ಯಾಕೋ.

ಒಂದು ಸಂಜೆ ನೀನು ಓಡಿಬಂದು, "ಅಪ್ಪಾ, ಐ ಆಮ್ ದಿ ಎಕೋ!" ಎಂದೆ. ಹಾಗಂದರೇನು ಎಂದು ನಾನು ಕೇಳಿದೆ. ನೀನು ನಿನಗೆ ಬಂದಷ್ಟು ಕನ್ನಡದಲ್ಲಿ ಬಿಡಿಸಿ ಹೇಳಿದೆ: "ಅವರು ಮುಂದ ಹಾಡ್ತಾರ. ನಾ ಹಿಂದ ನಿಂತು ಅದನ್ನ ಮತ್ತ ಹಾಡ್ತೀನಿ. ಯಾರಿಗೂ ಕಾಣಂಗಿಲ್ಲ."

ಹಿಮ್ಮೇಳ! ನನ್ನ ತಲೆಗೆ ಬಂದದ್ದು ಆ ಒಂದೇ ಪದ. ವಿಜಯಪುರದಲ್ಲಿ ನಮ್ಮ ಓಣಿಯ ಭಜನಾ ಮೇಳದಲ್ಲಿ ನಿನ್ನ ಅಜ್ಜ ಜೀವನವಿಡೀ ಹಿಮ್ಮೇಳ. ಮುಂದಿನವರು ಹಾಡಿದ ಸಾಲನ್ನೇ ತಿರುಗಿ ಹಾಡುವುದು. ಸನ್ಮಾನದ ಶಾಲು ಮಾತ್ರ ಮುಂದಿನವರಿಗೆ. ಏಳನೇ ಇಯತ್ತೆಗೇ ಶಾಲೆ ಬಿಟ್ಟು, ವಿಮಾನದ ಹೊಟ್ಟೆಗೆ ಪೆಟ್ಟಿಗೆ ತುಂಬುತ್ತ ನಾನು ಬೆಳೆಸಿದ ಮಗಳೂ ಇನ್ನೊಬ್ಬರ ಬೆನ್ನ ಹಿಂದೆಯೇ?

ಮರುದಿನ ಮೇಡಮ್ಮಿಗೆ ಫೋನ್ ಮಾಡಿ, ಗೌರಿ ಇನ್ನು ಬರುವುದಿಲ್ಲ ಎಂದೆ. ಅವರು ಬಹಳ ಹೊತ್ತು ಇಂಗ್ಲಿಷಿನಲ್ಲಿ ಏನೇನೋ ಹೇಳಿದರು; ಬೇಡಿಕೊಂಡರು ಅಂತಲೇ ಅನ್ನಬೇಕು. ಏಂಜೆಲ್ ಎಂಬ ಮಾತು ಕೇಳಿಸಿತ್ತು. ಅರ್ಥವೂ ಆಗಿತ್ತೇನೋ — ಇಲ್ಲ, ಆಗಿರಲಿಲ್ಲ — ಇವತ್ತಿಗೂ ನನಗೆ ಸರಿಯಾಗಿ ಗೊತ್ತಾಗುತ್ತಿಲ್ಲ.

ನೀನು ಅಭ್ಯಾಸಕ್ಕೆ ಹೋಗಲು ಶೂ ಹಾಕಿಕೊಂಡು ನಿಂತಿದ್ದೆ. "ಹೋಗಬ್ಯಾಡ. ನಿನ್ನ ದನಿ ಸಾಲಂಗಿಲ್ಲಂತ. ಮೇಡಮ್ ಬ್ಯಾಡಂದ್ರು" ಎಂದೆ.

ನೀನು ಅಳಲಿಲ್ಲ. "ಓಕೆ" ಎಂದು ಶೂ ಬಿಚ್ಚಿದೆ. ಆಮೇಲೆ ಪಾತ್ರೆ ಒರೆಸುವಾಗಲೂ ಹಾಡಲಿಲ್ಲ. ಮೇಡಮ್ ಎದುರಿಗೆ ಬಂದರೆ ರಸ್ತೆ ದಾಟಿಬಿಡುತ್ತಿದ್ದೆ. ನನ್ನ ಹಾಗೇ ಸ್ವಾಭಿಮಾನಿ ಎಂದು ನಾನು — ಹಿಗ್ಗಿದೆ.

ಕಳೆದ ಡಿಸೆಂಬರಿನಲ್ಲಿ, ನನ್ನ ಜೊತೆ ದುಡಿಯುವ ಖಾನಾಪುರದ ಅಂತೋನಿ ತನ್ನ ಚರ್ಚಿಗೆ ಎಳೆದುಕೊಂಡು ಹೋದ. ಅದೇ ಬಗೆಯ ಹಾಡುಗಳು. ಎದುರಿಗಿದ್ದ ಗುಂಪು ಹಾಡಿ ನಿಲ್ಲಿಸಿತು. ನಮ್ಮ ಹಿಂದೆ, ಎಲ್ಲೋ ಮೇಲಿನಿಂದ, ಒಂದೇ ಒಂದು ದನಿ ಕೊನೆಯ ನುಡಿಯನ್ನು ಮರಳಿ ಹಾಡಿತು. ಯಾರೂ ಕೆಮ್ಮಲಿಲ್ಲ, ಮಿಸುಕಲಿಲ್ಲ. ನಾನು ಕತ್ತು ತಿರುಗಿಸಿದೆ.

"ಏನ್ ಹುಡಕಾಕತ್ತಿಯಲೇ? ದೇವದೂತ ಏನ್ ಸೂಟ್‌ಕೇಸ? ಬೆಲ್ಟಿನ ಮ್ಯಾಲ ಬರತಾನೇನು?" ಎಂದು ಅಂತೋನಿ ಪಿಸುಗುಟ್ಟಿದ. "ಅದು ಎಕೋ, ದೇವದೂತನ ದನಿ. ಎಲ್ಲಾರಕಿಂತ ಚಲೋ ದನಿ ಇದ್ದವರನ್ನ ಅಲ್ಲಿ ಹತ್ತಸ್ತಾರ. ಒಬ್ಬರೇ ಹಾಡಬೇಕಲ್ಲ."

ಮುಂದಿನ ಹಾಡುಗಳು ನನಗೆ ಕೇಳಿಸಲಿಲ್ಲ.

ಮೊನ್ನೆ ಎಜ್‌ವೇರಿನ ನಿನ್ನ ಫ್ಲ್ಯಾಟಿನಲ್ಲಿ ನಿನ್ನ ಕೂಸು ಹಠ ಹಿಡಿದಾಗ ನಿಮ್ಮವ್ವ, "ಒಂದ್ ಜೋಗುಳ ಹಾಡವಾ" ಎಂದಳು. ನೀನು ನಕ್ಕು, "ಐ ಕಾಂಟ್ ಸಿಂಗ್, ಅವ್ವಾ. ಆಸ್ಕ್ ಅಪ್ಪಾ, ಹಿ ನೋಸ್" ಎಂದೆ. ಯಾರೋ ಹಾಡಿದ್ದನ್ನು ಫೋನಿನಲ್ಲಿ ಹಚ್ಚಿ ಕೂಸನ್ನು ಮಲಗಿಸಿದೆ. ನಾನು ಚಹಾ ಕುಡಿದೆ.

ಗೊತ್ತಿರಲಿಲ್ಲ ಎನ್ನಲೇ? ಕೇಳಬಹುದಿತ್ತು. ಅದು ಹಿಮ್ಮೇಳವೇ ಆಗಿದ್ದರೂ — ನಿನ್ನ ದನಿ ಸಾಲದೆಂದು ಯಾಕೆ ಹೇಳಿದೆ? ಆ ಮಾತನ್ನು ಮೇಡಮ್ ಆಡಿರಲಿಲ್ಲ, ಯಾರೂ ಆಡಿರಲಿಲ್ಲ. ಅದು ನನ್ನ ಬಾಯಲ್ಲಿ ಹುಟ್ಟಿತು. ನೀನು ಅದನ್ನು ಇಷ್ಟು ವರ್ಷ ನಿಜವೆಂದು ಇಟ್ಟುಕೊಂಡೆ.

ನಿನಗೆ ಕನ್ನಡ ಓದಲು ಬರುವುದಿಲ್ಲ. ಅದಕ್ಕೆ ಈ ಭಾನುವಾರ ನಿನ್ನ ಎದುರಿಗೆ ಕೂತು ನಾನೇ ಈ ಪತ್ರವನ್ನು ಓದುತ್ತೇನೆ. ನನ್ನ ದನಿ ನಡುಗಿದರೆ ಕರುಣೆ ಬೇಡ. ನೀನು ನಡುವೆಯೇ ಎದ್ದು ಹೋದರೆ ತಡೆಯುವುದಿಲ್ಲ.