ದೀಪ ಹಚ್ಚಿದ ಮೇಲೆ ಕೊಟ್ಟ ಹೆಪ್ಪು

ತುಮಕೂರಿನಲ್ಲಿ ಉಪ್ಪುನೀರಿನ ಮೀನು ಸಾಕುತ್ತೇನೆಂದು ಹೊರಟವರು ಇವತ್ತಲ್ಲ ನಾಳೆ ಹಮೀದಾಳ ಅಂಗಡಿ ಮೆಟ್ಟಿಲು ಹತ್ತಲೇಬೇಕು. ಸಮುದ್ರ ಇಲ್ಲಿಂದ ಎಷ್ಟು ದೂರ ಅಂತ ಕೇಳಬೇಡಿ. ಅವಳು ಸಮುದ್ರ ಕಂಡಿದ್ದು ಒಂದೇ ಸಲ, ಅದೂ ಮದುವೆಯ ಹೊಸತರಲ್ಲಿ. ಆದರೂ ಅತ್ತ ಗುಬ್ಬಿ, ಇತ್ತ ಕುಣಿಗಲ್‌ವರೆಗೆ ಯಾರ ಮನೆಯ ಗಾಜಿನ ತೊಟ್ಟಿಯಲ್ಲಿ ನೀರು ಕೆಟ್ಟರೂ ಫೋನು ಬರುವುದು ಅವಳಿಗೇ. ಬರುತ್ತಾಳೆ, ಬುರ್ಖಾದ ತೋಳನ್ನು ಮೊಣಕೈಗೆ ಏರಿಸುತ್ತಾಳೆ, ನೀರಿಗೆ ಕೈ ಹಾಕುವ ಮೊದಲು ಮನೆಯವರನ್ನು ಚೆನ್ನಾಗಿ ಬೈಯುತ್ತಾಳೆ. ಬೈಸಿಕೊಂಡವರೇ ಇನ್ನೊಬ್ಬರಿಗೆ ಅವಳ ನಂಬರು ಕೊಡುತ್ತಾರೆ.

ಅವಳ ಕಸುಬೆಲ್ಲ ಕಲ್ಲಿನಲ್ಲಿದೆ. ಲೈವ್ ರಾಕ್ ಅನ್ನುತ್ತಾರೆ, ಜೀವ ಇರುವ ಕಲ್ಲು. ಸಮುದ್ರದಿಂದ ಕಿತ್ತು ತಂದದ್ದನ್ನು ಹಮೀದಾ ಮುಟ್ಟುವುದಿಲ್ಲ. ಸಿಮೆಂಟಿಗೆ ಕಲ್ಲುಪ್ಪು ಕಲಸಿ ತೂತುತೂತಾದ ಕಲ್ಲನ್ನು ತಾನೇ ಎರೆಯುತ್ತಾಳೆ. ಆಮೇಲೆ ಹಳೆಯ ಕಲ್ಲುಗಳ ಜೊತೆ ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಇಡುತ್ತಾಳೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ, ಹಳೆ ಕಲ್ಲಿನ ಜೀವ ಹೊಸದಕ್ಕೆ ಹತ್ತುತ್ತದೆ. ಕಣ್ಣಿಗೆ ಕಾಣದ ಆ ಜೀವಗಳೇ ಮೀನಿನ ಹೊಲಸನ್ನು ತಿಂದು ನೀರನ್ನು ಹಸನಾಗಿ ಇಡುವುದು. ಕಲ್ಲು ಸತ್ತರೆ ಮೀನೂ ಉಳಿಯುವುದಿಲ್ಲ.

ಗುಬ್ಬಿಯ ಗುರುಸಿದ್ದಯ್ಯ ಮೇಷ್ಟ್ರಿಗೆ ಅಂಥದೊಂದು ತೊಟ್ಟಿ ಕಟ್ಟಿಕೊಟ್ಟವಳು ಅವಳೇ. ಮೇಷ್ಟ್ರು ಹೋದ ವರ್ಷ ತೀರಿಕೊಂಡರು. ಅವರು ಸಾಕಿದ ಕಿತ್ತಳೆ ಬಣ್ಣದ ಜೋಡಿ ಮೀನು ಉಳಿದವು. ಅವರ ಹೆಂಡತಿ ಸಿದ್ದಲಕ್ಷ್ಮಮ್ಮ ಬೆಳಿಗ್ಗೆ ಎದ್ದು ಆ ಜೋಡಿಯನ್ನು ಮಾತಾಡಿಸಿ, ತಿನ್ನಲು ಹಾಕಿ, ಆಮೇಲೆ ತಾನು ಕಾಫಿ ಕುಡಿಯುವುದು. ಗಂಡನ ಕೈ ಬಿದ್ದ ಜೀವ ಅಂತ ಆ ಮನೆಯಲ್ಲಿ ಉಳಿದಿದ್ದು ಅವೇ.

ಮಗಳು ಸ್ವರ್ಣಲತಾ ತುಮಕೂರಿನ ಸತ್ಯಮಂಗಲದ ಹತ್ತಿರ ಮನೆ ಕಟ್ಟಿಸಿ ತಾಯಿಯನ್ನು ಕರೆಸಿಕೊಂಡಳು. ಗೃಹಪ್ರವೇಶದ ಹಿಂದಿನ ದಿನ ಮೀನಿನ ಸಂಸಾರವೂ ಹೊರಟಿತು. ಕಲ್ಲು ಒಣಗಬಾರದು, ಉಪ್ಪಿಲ್ಲದ ನೀರು ಸೋಕಬಾರದು. ಹಮೀದಾ ಹಳೆ ತೊಟ್ಟಿಯ ನೀರನ್ನೇ ಡ್ರಮ್ಮಿಗೆ ತುಂಬಿ ಕಲ್ಲು ಮುಳುಗಿಸಿದಳು, ಮೀನಿಗೆ ಬೇರೆ ಟಬ್ಬು ಮಾಡಿದಳು. ಅವಳ ಗಂಡ ನಯಾಜ್ ಅಹಮದ್ ಗೂಡ್ಸ್ ಆಟೋವನ್ನು ಬಸುರಿಯನ್ನು ಕೂರಿಸಿಕೊಂಡವನಂತೆ ಓಡಿಸಿದ. ಹೊಸ ತೊಟ್ಟಿಯಲ್ಲಿ ಉಪ್ಪು ಹದವಾಗಿ ಬೆರೆಯಲು ಸಂಜೆಯಾಗಬೇಕಿತ್ತು. ಡ್ರಮ್ಮಿಗೆ ಗಾಳಿ ಪಂಪು ಹಚ್ಚಿ, ಯಾರೂ ಮುಟ್ಟಬೇಡಿ ಎಂದು ಸ್ವರ್ಣಲತಾಗೆ ಹೇಳಿ ಹಮೀದಾ ಅಂಗಡಿಗೆ ಹೋದಳು. ಸ್ವರ್ಣಲತಾ ಅಡುಗೆಯವರ ಹಿಂದೆ ಓಡಾಡುತ್ತಿದ್ದಳು. ತಾಯಿಗೆ ಆ ಮಾತು ಮುಟ್ಟಲೇ ಇಲ್ಲ.

ಸಂಜೆ ಬಂದು ನೋಡಿದರೆ ಡ್ರಮ್ಮು ಖಾಲಿ. ಕಲ್ಲುಗಳೆಲ್ಲ ತಾರಸಿಯ ಮೇಲೆ ಹಪ್ಪಳದಂತೆ ಸಾಲಾಗಿ ಒಣಗುತ್ತಿದ್ದವು, ಬೆಳ್ಳಗೆ.

"ಎಂಗೆ ಬೆಳಗಿದೀನಿ ನೋಡವ್ವ," ಅಂದರು ಸಿದ್ದಲಕ್ಷ್ಮಮ್ಮ, ಸಂತೋಷವಾಗಿ. "ಹುಣಿಸೇಹಣ್ಣಾಕಿ ಉಜ್ಜಿ ಬೋರ್ ನೀರಲ್ಲಿ ತೊಳ್ದೆ. ನಮ್ಮೆಜಮಾನ್ರ ಕಲ್ಲು, ಹೊಸಮನೆಗೆ ಪಾಚಿ ಹತ್ತಿಸ್ಕೊಂಡು ಬರ್ಬೇಕಾ?"

ಊರಿಗೆಲ್ಲ ಬೈಯುವ ಹಮೀದಾ ಅವರನ್ನು ಬೈಯಲಿಲ್ಲ, ಒಂದು ಕಲ್ಲನ್ನೆತ್ತಿ ಮೂಸಿ ನೋಡಿ ಕೆಳಗಿಟ್ಟಳು. ನನಗೆ ಅವಳ ಮೇಲೆ ಗೌರವ ಹುಟ್ಟಿದ್ದು ಇದನ್ನು ಕೇಳಿಯೇ.

"ನಾನು ನಿಮ್ಗೇ ಹೇಳ್ಬೇಕಿತ್ತು ಅಜ್ಜಿ, ತಪ್ಪು ನಂದು," ಅಂದಳು. ಕಲ್ಲಿನಲ್ಲಿದ್ದ ಜೀವ ಹೋಗಿದೆ ಎಂದು ಮೆಲ್ಲಗೆ ತಿಳಿಸಿದಳು. ಮುದುಕಿ ಒಂದು ಕಲ್ಲನ್ನು ಸೆರಗಿನಲ್ಲಿ ಎತ್ತಿಕೊಂಡರು.

"ಅವ್ರ ಮೀನು ನನ್ ಕೈಲೇ ಹೋಯ್ತಾ?"

"ಇನ್ನೂ ಹೋಗಿಲ್ಲ. ಅಂಗಡೀಲಿ ನಾನು ಸಾಕಿರೋ ಮೀನಿನ ತೊಟ್ಟಿ ಕಲ್ಲು ತಂದಾಕ್ತೀನಿ."

"ಅಂದ್ರೆ ಹೆಪ್ಪು ಕೊಟ್ಟಂಗೆ?"

"ಹೂಂ, ಹಂಗೇ ಅನ್ಕೊಳ್ಳಿ."

ಕೆಳಗೆ ದೇವರ ಮುಂದೆ ಆಗಲೇ ದೀಪ ಹಚ್ಚಿಯಾಗಿತ್ತು. ಸಿದ್ದಲಕ್ಷ್ಮಮ್ಮ ತಲೆಯಾಡಿಸಿದರು. "ಬ್ಯಾಡ ಕಣವ್ವ. ದೀಪ ಹಚ್ಚಿದ ಮೇಲೆ ಹೆಪ್ಪು ಕೊಟ್ರೆ ಕೊಟ್ಟೋರ್ ಮನೆಗೆ ಒಳ್ಳೇದಾಗಲ್ಲ. ನಾನ್ ಮಾಡಿದ್ ತಪ್ಪಿಗೆ ನಿನ್ ಮನೆ ಯಾಕ್ ಕೆಡ್ಬೇಕು? ಬೆಳಿಗ್ಗೆ ಕೊಡೀವಂತೆ, ಬುಡು."

ಬೆಳಗಿನವರೆಗೆ ಕಾಯುವ ಹಾಗಿರಲಿಲ್ಲ. ಪ್ರಯಾಣ ಮಾಡಿ ಹಸಿದಿರುತ್ತವೆ ಎಂದು ಮುದುಕಿ ಟಬ್ಬಿಗೆ ಎರಡು ಪಾಲು ತಿಂಡಿ ಸುರಿದಿದ್ದರು. ನೀರು ಕದಡಿ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು.

"ನಮ್ಮಲ್ಲಿ ಆ ಶಾಸ್ತ್ರ ಇಲ್ಲ ಅಜ್ಜಿ," ಅಂದಳು ಹಮೀದಾ. ಹಸಿ ಸುಳ್ಳು. ಅವಳ ತಾಯಿಯೂ ಸಂಜೆಯ ಮಗ್ರಿಬ್ ನಮಾಜು ಆದ ಮೇಲೆ ಪಕ್ಕದ ಮನೆಗೆ ಒಂದು ಚಿಟಿಕೆ ಉಪ್ಪು ಕೊಟ್ಟವಳಲ್ಲ.

ಎರೆದಿಟ್ಟ ಹೊಸ ಕಲ್ಲಿಗಿನ್ನೂ ಜೀವ ಹತ್ತಿರಲಿಲ್ಲ, ಹತ್ತಿದ ಕಲ್ಲಿದ್ದುದು ಅಂಗಡಿಯಲ್ಲಿ ಅವಳದೇ ಒಂದು ತೊಟ್ಟಿಯಲ್ಲಿ. ಅದರಲ್ಲೊಂದು ನೀಲಿ ಮೀನು, ಎಷ್ಟು ಜನ ಕೇಳಿದರೂ ಮಾರದೆ ವರ್ಷಗಟ್ಟಲೆ ಸಾಕಿಕೊಂಡಿದ್ದು. ಅವಳು ಕಲ್ಲನ್ನೆಲ್ಲ ಎತ್ತತೊಡಗಿದಾಗ ನಯಾಜ್ ಕೈ ಹಿಡಿದು, ನೀಲಿಯ ಗತಿಯೇನು ಎಂದು ಕೇಳಿದ. ಅರ್ಧ ಒಯ್ದರೆ ಎರಡು ಕಡೆಯೂ ಸಾಲುವುದಿಲ್ಲ, ತಾನು ನೀರು ಬದಲಾಯಿಸುತ್ತ ನೋಡಿಕೊಳ್ಳುತ್ತೇನೆ ಎಂದಳು. ಉಪ್ಪುನೀರು ತುಂಬಿದ ಬಕೆಟ್ಟುಗಳನ್ನು ಗಂಡ ಹೆಂಡತಿ ಹೊತ್ತು, ಒಂದೊಂದೇ ಕಲ್ಲನ್ನು ಮಗುವಿನಂತೆ ಹೊಸ ತೊಟ್ಟಿಗೆ ಇಳಿಸಿ, ಜೋಡಿ ಮೀನನ್ನೂ ಬಿಟ್ಟರು.

ಗೃಹಪ್ರವೇಶ ಮುಗಿಯಿತು, ನೆಂಟರು ಹೋದರು. ಜೋಡಿ ಮೀನು ಮಾತ್ರ ಮೂಲೆ ಸೇರಿ ಏನೂ ತಿನ್ನಲಿಲ್ಲ. ಹಮೀದಾ ದಿನಾ ಬಂದು ನೀರು ಪರೀಕ್ಷಿಸಿದಳು, ಕಲ್ಲು ಒಗ್ಗಬೇಕು, ಕಾಯೋಣ ಎಂದಳು. ಅಂಗಡಿಗೆ ಮರಳಿ ನೀಲಿಯ ನೀರು ಬದಲಾಯಿಸಿದಳು. ಅವಳಿಗೆ ಗೊತ್ತಿದ್ದುದನ್ನೆಲ್ಲ ಮಾಡಿದಳು. ನೀಲಿ ಉಳಿಯಲಿಲ್ಲ.

ಸಿದ್ದಲಕ್ಷ್ಮಮ್ಮನ ಫೋನು ಬಂದಾಗ ಅವಳು ಖಾಲಿ ತೊಟ್ಟಿಯ ಗಾಜು ಒರೆಸುತ್ತಿದ್ದಳು.

"ತಿಂದ್ವು ಕಣವ್ವ. ಎರಡೂ ತಿಂದ್ವು." ಮುದುಕಿ ಅಳುತ್ತಿದ್ದರು. ಆಮೇಲೆ ದನಿ ಇಳಿಸಿದರು. "ಅವತ್ತು ದೀಪ ಹಚ್ಚಿದ್ಮೇಲೆ ಕೊಟ್ಯಲ್ಲ, ನಂಗೆ ಅದೇ ಯೋಚ್ನೆ, ನಿದ್ದೇನೇ ಬರ್ತಿಲ್ಲ. ನಿಜ ಹೇಳವ್ವ, ನಿನ್ ಮೀನು ಚೆನ್ನಾಗೈತಾ?"

ಹಮೀದಾ ಬಟ್ಟೆ ಕೆಳಗಿಟ್ಟಳು.

"ಚೆನ್ನಾಗಿದೆ ಅಜ್ಜಿ," ಅಂದಳು. "ನೀವು ನೆಮ್ಮದಿಯಾಗಿ ಮಲಗಿ."