ಮೂರು ಗಂಟಿನ ಕಲ್ಲು

ಗುತ್ಯಪ್ಪನನ್ನು ನಾನು ಒಂದು ದಿನವೂ ನಂಬಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದೆ ಓದುವಾಗ ನಾನು ಒಳ್ಳೆಯವನಂತೆ ಕಂಡೇನು.

ಸಾಗರದಿಂದ ಹೊಸನಗರಕ್ಕೆ ಹೋಗುವ ದಾರಿಯಲ್ಲಿ ಬಸ್ಸು ನಿಲ್ಲುವ ಕಡೆ ನನ್ನ ಚಹಾ ಅಂಗಡಿ. ಗುತ್ಯಪ್ಪ ಕೋಣಂದೂರು ಕಡೆಯವನು, ಐವತ್ತರ ಆಸುಪಾಸಿನ ಒಣಕಲು ಮನುಷ್ಯ. ದೇವರನ್ನು ಹುಡುಕಿಕೊಂಡು ಬಂದವರಿಗೆ ದಾರಿ ತೋರಿಸುವುದೇ ಅವನ ಕಸುಬು. ಜೈನರನ್ನು ಹುಂಚದ ಬಸದಿಗೆ, ಸಾಬರನ್ನು ಕಾಡೊಳಗಿನ ಪೀರರ ಗೋರಿಗೆ, ಬೇರೆಯವರನ್ನು ಕೆಳದಿಯ ಗುಡಿಗೋ ತೀರ್ಥಹಳ್ಳಿಯ ಹೊಳೆಗೋ ಕರೆದೊಯ್ಯುತ್ತಿದ್ದ. ಬಾಗಿಲ ತನಕ ಬಿಟ್ಟು, ತಾನು ಮಾತ್ರ ಹೊರಗೆ ಬೆನ್ನು ತಿರುಗಿಸಿ ಕೂರುತ್ತಿದ್ದನಂತೆ.

“ನೀನ್ಯಾಕೋ ಒಳಗೆ ಹೋಗಲ್ಲ?” ಎಂದು ಒಮ್ಮೆ ಕೇಳಿದೆ.

“ಅವ್ರು ಏನ್ ಬೇಡ್ಕಂತಾರೋ ಅದು ಅವ್ರಿಗೂ ದೇವ್ರಿಗೂ ಬಿಟ್ಟಿದ್ದು. ನಾ ಯಾಕೆ ಕಿವಿ ಕೊಡ್ಲಿ?” ಎಂದು ಚಹಾ ಕುಡಿದು ಎದ್ದ.

ನನಗೆ ಮೈ ಉರಿಯಿತು. ಇಷ್ಟೊಂದು ದೇವರ ಬಾಗಿಲು ಗೊತ್ತಿದ್ದೂ ಒಂದರ ಮುಂದೂ ಕೈಮುಗಿಯದವನು ಏನು ಹುಡುಕುತ್ತಿರಬಹುದು? ನಿಧಿಯಲ್ಲದೆ ಇನ್ನೇನು! ಅಂದಿನಿಂದ ಅವನ ಮೇಲೆ ಒಂದು ಕಣ್ಣಿಟ್ಟೆ.

ಅರವತ್ತನಾಲ್ಕನೇ ಇಸವಿ. ಶರಾವತಿಗೆ ಅಣೆಕಟ್ಟು ಕಟ್ಟಿ, ಆ ಮಳೆಗಾಲಕ್ಕೆ ನೀರು ನಿಲ್ಲಿಸುತ್ತಾರೆ ಎಂದು ಹೊಳೆಯ ಊರುಗಳೆಲ್ಲ ಗಂಟುಮೂಟೆ ಕಟ್ಟುತ್ತಿದ್ದವು. ಬೇಸಗೆಯ ಒಂದು ಮಧ್ಯಾಹ್ನ ಗುತ್ಯಪ್ಪ ಹುಲ್ಲು ಮುಚ್ಚಿದ ಗಾಡಿಯೊಂದನ್ನು ನಮ್ಮೂರು ಕಾಯುವ ಭೂತನ ಬನದ ಹತ್ತಿರ ನಿಲ್ಲಿಸಿದ್ದನ್ನು ಕಂಡೆ. ಅವನು ಹೋದ ಮೇಲೆ ಒಳಗೆ ನುಗ್ಗಿದೆ. ನಮ್ಮ ಭೂತನ ಕಲ್ಲಿನ ಹಿಂದೆ ಏಳು ಗುಂಡುಕಲ್ಲು ಸಾಲಾಗಿ ಕೂತಿದ್ದವು. ಒಂದೊಂದಕ್ಕೂ ಪುಂಡಿನಾರಿನ ಹುರಿ. ಒಂದು ಹುರಿಗೆ ಒಂದು ಗಂಟು, ಇನ್ನೊಂದಕ್ಕೆ ಎರಡು, ಹೀಗೆ ಏಳರವರೆಗೆ.

ಊರ ಹಿರಿಯ ಹುಲಿಯಪ್ಪನಿಗೆ ಓಡಿಹೋಗಿ ಹೇಳಿದೆ. ಮರುದಿನ ಗುತ್ಯಪ್ಪನನ್ನು ಅಂಗಡಿ ಮುಂದೆ ನಿಲ್ಲಿಸಿದರು.

“ಏನೋ ಅದು ಗಂಟಿನ ಗುರುತು?” ಎಂದ ಹುಲಿಯಪ್ಪ.

“ನಾ ಹೇಳಂಗಿಲ್ಲ. ಬರೋರು ಬರ್ತಾರೆ, ಕೇಳ್ತಾರೆ. ಅಲ್ಲಿ ತಂಕ ಮುಟ್ಬೇಡಿ, ಅಷ್ಟೇ.”

“ಬರೋರು ಯಾರೋ? ನಿಧಿ ತೆಗೆಯೋರಾ?” ಎಂದು ಹಾರಾಡಿದವನು ನಾನು. ಇನ್ನು ನಮ್ಮ ಗಡಿಯೊಳಗೆ ಕಾಲಿಟ್ಟರೆ ಕಾಲು ಮುರಿಯುತ್ತೇವೆಂದು ಅವನನ್ನು ಅಟ್ಟಿದೆವು. ಅದೇ ಸಂಜೆ ನಾನೂ ಹುಲಿಯಪ್ಪನೂ ಹುರಿಗಳನ್ನು ಕಿತ್ತು, ಕಲ್ಲುಗಳನ್ನು ಅತ್ತಿತ್ತ ಉರುಳಿಸಿ ಅಡಿಯಲ್ಲಿ ಅಗೆದೆವು. ಸಿಕ್ಕಿದ್ದು ಎರೆಹುಳು. ಹುರಿಗಳನ್ನು ನನ್ನ ಅಂಗಡಿಯ ಒಲೆಗೆ ಹಾಕಿದೆ.

ಮಳೆ ಮುಗಿದ ಮೇಲೆ ಶಿವಮೊಗ್ಗದ ಬಸ್ಸಿನಿಂದ ಒಬ್ಬ ಹೆಂಗಸು ಇಳಿದಳು. ಒಂದು ಕೈಯಲ್ಲಿ ಕೋಳಿ, ಇನ್ನೊಂದರಲ್ಲಿ ತೆಂಗಿನಕಾಯಿ. ಹೆಸರು ಕೆರಿಯಮ್ಮ. ಊರು ಮುಳುಗಡೆಯಾಗಿ ಅತ್ತ ಕಡೆ ಹೋದವಳು, ಗಂಡ ಹೊಸ ಊರಲ್ಲಿ ಜ್ವರ ಬಂದು ತೀರಿಹೋಗಿದ್ದ.

“ಗುತ್ಯಪ್ಪಣ್ಣ ನಮ್ ಭೂತನ್ನ ಇಲ್ಲಿ ತಂದಿಟ್ಟಾನೆ. ನೀರ್ ಬರೋ ಮುಂಚೆ ಏಳ್ ಊರಿಂದು ತಂದ. ಮೂರ್ ಗಂಟಿನ್ ಕಲ್ಲು ನಮ್ದು. ಒಂದ್ ಗಂಟಿಂದು ಪೀರರ ಗೋರೀದಂತೆ.”

“ನಮ್ಗೆ ಯಾಕೆ ಹೇಳ್ಲಿಲ್ಲ ಅವ್ನು?” ಎಂದೆ.

“ಬ್ಯಾರೆ ಊರಿನ್ ಭೂತ ಗಡಿ ಒಳಗೆ ಬಂತು ಅಂದ್ರೆ ನೀವು ಇರಾಕೆ ಬಿಡ್ತಿದ್ರಾ? ಹೆದ್ರಿ ಹೊಳೆಗೆ ಎಸೀತಿದ್ರಿ. ಅದ್ಕೆ ಯಾರಿಗೂ ಹೇಳ್ಬ್ಯಾಡ ಅಂದಿದ್ದ.”

ಅದು ನಿಜ. ಎಸೆಯುತ್ತಿದ್ದೆವು.

“ನಿಂಗೆ ಕಲ್ಲಿನ ಗುರ್ತು ಇಲ್ವಾ?”

“ಹೆಂಗಸ್ರು ಬನದ್ ಒಳಗೆ ಹೋಗಂಗಿಲ್ವಲ್ಲ. ಹೊರಗೆ ನಿಂತು ಕೈ ಮುಗ್ದೋಳು ನಾನು. ಕಲ್ಲು ಕಂಡೋರು ಪೂಜೆ ಮಾಡ್ತಿದ್ದ ನಮ್ ಯಜಮಾನ್ರೊಬ್ರೇ, ಅವ್ರೂ ಹೋದ್ರು. ನೀವೇ ತಂದ್ಕೊಡಿ ಅಣ್ಣ.”

ಅವಳನ್ನು ಹೊರಗೆ ನಿಲ್ಲಿಸಿ ಒಳಗೆ ಹೋದೆ. ಏಳು ಕಲ್ಲು, ಏಳಕ್ಕೂ ಪಾಚಿ, ಒಂದಕ್ಕೊಂದು ವ್ಯತ್ಯಾಸವಿಲ್ಲ. ತಪ್ಪಾಯಿತು ಎಂದು ಹೊರಗೆ ಬಂದು ಹೇಳಬೇಕಿತ್ತು. ಹೇಡಿ ನಾನು, ಹೇಳಲಿಲ್ಲ. ಕೈಗೆ ಸಿಕ್ಕಿದ ಒಂದನ್ನು ಎತ್ತಿ ತಂದುಕೊಟ್ಟೆ. ಅವಳು ಅದನ್ನು ಸೆರಗಿನಿಂದ ಒರೆಸಿ, ಕಾಯಿ ಒಡೆದು, “ಬಾರಪ್ಪ, ಮನೆಗ್ ಹೋಗಾನ” ಎಂದು ಮಗುವಿನ ಹಾಗೆ ಎತ್ತಿಕೊಂಡು ಅತ್ತಳು. ಬಸ್ಸು ಹತ್ತುವ ಮುಂಚೆ ಕೋಳಿಯನ್ನು ನನಗೇ ಕೊಟ್ಟಳು, ದೇವರನ್ನು ಕಾಪಾಡಿದ್ದಕ್ಕೆ. ಆ ಕೋಳಿಯನ್ನು ಕುಯ್ಯಲು ನನಗೆ ಕೈ ಬರಲಿಲ್ಲ.

ಗುತ್ಯಪ್ಪನನ್ನು ಕೋಣಂದೂರಿನಲ್ಲಿ ವಿಚಾರಿಸಿದೆ, ಮಂಡಗದ್ದೆಯಲ್ಲಿ ವಿಚಾರಿಸಿದೆ. ಸಿಗಲಿಲ್ಲ. ಮಿಕ್ಕವರು ಯಾರೂ ಇನ್ನೂ ಬಂದಿಲ್ಲ. ಪ್ರತಿ ಬಸ್ಸು ನಿಂತಾಗಲೂ ಇಳಿಯುವವರ ಕೈಯಲ್ಲಿ ಕಾಯಿ ಇದೆಯೇ ಎಂದು ನೋಡುತ್ತೇನೆ.

ಕೆರಿಯಮ್ಮನ ಭೂತ ಅವಳ ಜೊತೆ ಹೋಯಿತೋ, ನಮ್ಮ ಬನದಲ್ಲೇ ಉಪವಾಸ ಕೂತಿದೆಯೋ ನನಗೆ ಗೊತ್ತಿಲ್ಲ. ಹಾಗಾಗಿ ಅಮಾವಾಸ್ಯೆಗೊಮ್ಮೆ ಉಳಿದ ಆರು ಕಲ್ಲಿಗೂ ಒಂದೊಂದು ಕಾಯಿ ಒಡೆದು, ಬೆನ್ನು ತಿರುಗಿಸಿ ಹೊರಗೆ ಕೂರುತ್ತೇನೆ. ಮೊನ್ನೆ ಹುಲಿಯಪ್ಪ ಅಂಗಡಿಗೆ ಬಂದವನು ಚಹಾ ಮುಟ್ಟದೆ ನನ್ನನ್ನೇ ನೋಡುತ್ತ ಕೇಳಿದ:

“ನಾಗರಾಜಪ್ಪ, ಆ ಬನದಾಗೆ ನೀನು ಏನೋ ಹುಡುಕ್ತಾ ಇದೀಯಂತೆ?”